ದೊಡ್ಡಪ್ಪನ ಒಂಬತ್ತನೆಯ ಅಪ್ಪ

ನಮ್ಮ ದುಕಾಗ್ಜಿನ್ ಬೆಟ್ಟಗಳಲ್ಲಿ ಮದುವೆ ಮಾತು ಎದ್ದರೆ ಜನ ಮೊದಲು ನನ್ನ ದೊಡ್ಡಪ್ಪ ಲುಲಾಶ್ ಬಳಿ ಬರುತ್ತಿದ್ದರು. ಕುರಿ ಕಾಯುತ್ತಲೇ ಕಲಿತ ವಂಶದ ಹೆಸರುಗಳೆಲ್ಲ ಅವರ ನಾಲಿಗೆಯ ಮೇಲಿದ್ದವು. ಎರಡು ಮನೆಗಳ ಗಂಡು ಸಾಲು ಎಷ್ಟೇ ಹಿಂದೆ ಒಂದಾದರೂ ಹುಡುಗ ಹುಡುಗಿ ಅಣ್ಣ ತಂಗಿಯೇ. ಹೀಗೆ ಹನ್ನೊಂದು ಸಂಬಂಧಗಳನ್ನು ಅವರು ಮುರಿದಿದ್ದರು.

ಹನ್ನೆರಡನೆಯದು ಸ್ವಂತ ಮಗಳು ದಿಲಾಳದ್ದು. ಅವಳು ಮೆಚ್ಚಿದ ಪಾಲ್‌ಗೂ ನಮಗೂ ಒಂಬತ್ತನೆಯ ಅಪ್ಪ, ಅಂದರೆ ಒಂಬತ್ತು ತಲೆಮಾರು ಹಿಂದಿನ ಮೂಲಪುರುಷ, ಒಬ್ಬನೇ: ದೇದ್.

"ಅವ್ನು ನಿನ್ನ ಅಣ್ಣ ಕಣೇ," ಎಂದರು ದೊಡ್ಡಪ್ಪ.

"ಮುನ್ನೂರು ವರ್ಷದಿಂದ ಒಂದು ಸಲಾನೂ ಮನೆಗೆ ಬರದ ಅಣ್ಣ!" ಎಂದಳು ದಿಲಾ.

ನಮ್ಮ ಮನೆಯಲ್ಲಿ ಮೊದಲು ಪದವಿ ಓದಿದವಳು ನಾನು. ಅಪ್ಪನಿಂದ ಮಗನಿಗಷ್ಟೇ ಇಳಿಯುವ ಗುರುತನ್ನು ಎಂಜಲಲ್ಲಿ ಹುಡುಕಿ, ಪುರಾತನ ಜನರು ಎಲ್ಲಿಂದ ನಡೆದು ಬಂದರೆಂದು ತಿಳಿಯುವುದು ತಿರಾನಾ ನಗರದ ಪ್ರಯೋಗಾಲಯದಲ್ಲಿ ನನ್ನ ಕೆಲಸ. ದೊಡ್ಡಪ್ಪ ಎಂಜಲು ಕೊಡಲು ತಾವೇ ಬಾಯಿ ತೆರೆದರು. "ತಗೋ. ಬೇರೆ ಅಂತ ಬಂದ್ರೆ ನಾನೇ ಮದುವೆ ಮಾಡಿಸ್ತೀನಿ. ಒಂದೇ ಅಂತ ಬಂದ್ರೆ ಇವಳು ಬಾಯಿ ಮುಚ್ಚಬೇಕು." ಪಾಲ್‌ನ ಅಪ್ಪ ಜೆಫ್ ಮತ್ತು ದೇದ್ ವಂಶದ ಇನ್ನಿಬ್ಬರ ಎಂಜಲನ್ನೂ ಒಯ್ದೆ.

ಫಲಿತಾಂಶ ತಂದಾಗ ದಿಲಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಅವರು ಮೂವರೂ ಒಂದೇ ಸಾಲು ದೊಡ್ಡಪ್ಪ. ಉತ್ತರದ ಹುಲ್ಲುಗಾವಲಿಂದ ಬಂದ ಕುರಿಗಾಹಿಗಳದ್ದು. ನಮ್ಮದು ಬೇರೆ. ಅದಕ್ಕೂ ಮೊದಲೇ ಸಮುದ್ರದಾಚೆಯಿಂದ ಬಂದ ಬೇಸಾಯಗಾರರದ್ದು."

"ಅಂದ್ರೆ ದೇದ್ ನಮ್ಮವನಲ್ಲ?"

"ನಮ್ಮ ಸಾಲಿನ ನಡುವೆ ಯಾರೋ ಮನೆಯಳಿಯ ಬಂದಿರಬೇಕು. ಅವನನ್ನೇ ಮಗ ಅಂತ ಎಣಿಸಿದ್ದಾರೆ."

ಅವರು ಕಾಗದವನ್ನು ಒಲೆಯ ಹತ್ತಿರ ಹಿಡಿದರು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

ಕಾಗದದ ಅಂಚು ಕಂದಾಯಿತು.

"ಹನ್ನೊಂದರಲ್ಲಿ ನಾಲ್ಕು ನಮ್ಮ ಮನೆತನದ ಹುಡುಗೀರದ್ದು," ಎಂದರು ಮೆಲ್ಲಗೆ. "ನಾಲ್ಕೂ ದೇದ್ ಹೆಸರಲ್ಲೇ ಮುರಿದದ್ದು."

ಕಾಗದವನ್ನು ಮಡಚಿ ಜೇಬಿಗಿಟ್ಟು ಎದ್ದರು. ಹೆಣ್ಣಿನ ಅಪ್ಪ ತಾನಾಗಿ ಗಂಡಿನ ಮನೆಗೆ ಹೋಗುವುದು ನಮ್ಮಲ್ಲಿಲ್ಲ. ಅವರು ಹೋದರು; ಹಿಂದೆಯೇ ನಾನೂ ಹೋದೆ.

ಜೆಫ್ ಎಂದಿನಂತೆ ಕುಲದ ಹಿರಿಯನೆಂದು ಮೊದಲ ಲೋಟ ರಾಕಿ ಸಾರಾಯಿಯನ್ನು ಅವರಿಗೇ ಚಾಚಿದ. ದೊಡ್ಡಪ್ಪ ಮುಟ್ಟಲಿಲ್ಲ.

"ನಾನು ನಿನ್ನ ಕುಲದವನಲ್ಲ ಜೆಫ್," ಎಂದು ಜೇಬಿನ ಕಾಗದವನ್ನು ಅವನ ಮುಂದಿಟ್ಟರು.

ಜೆಫ್ ಕಾಗದ ನೋಡಿದ, ನನ್ನನ್ನು ನೋಡಿದ.

"ನಲವತ್ತು ವರ್ಷ ನನ್ನ ರಾಕಿ ಕುಡಿದು ಈಗ ಹೇಳ್ತೀಯಲ್ಲೋ, ಕಳ್ಳ!"

"ಹೆಣ್ಣು ಕೇಳೋಕೆ ಬರ್ತೀಯೋ ಇಲ್ವೋ, ಅಷ್ಟು ಹೇಳು," ಎಂದರು ದೊಡ್ಡಪ್ಪ.

"ಭಾನುವಾರ ಬರ್ತೀನಿ," ಎಂದ ಜೆಫ್.