ಚೆನ್ನಾಗಿ ಹಾಡಿದಿರಿ ಎಂದರು

ನನ್ನವ್ವ ಸೋಬಾನ ಪದ ಹಾಡುವವಳು. ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ, ಹೆದ್ದಾರಿಗೆ ಅಂಟಿಕೊಂಡ ನಮ್ಮ ಹಳ್ಳಿಯಲ್ಲಿ ಅವಳಿಲ್ಲದೆ ಮದುಮಕ್ಕಳಿಗೆ ಅರಿಷಿಣ ಹಚ್ಚುತ್ತಿರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಹೆದ್ದಾರಿ ಅಗಲವಾಗತೊಡಗಿತು. ಮನೆಗಳು ಇತ್ತ, ಹೊಲಗಳು ಅತ್ತ; ನಡುವೆ ಸೊಂಟದೆತ್ತರದ ಸಿಮೆಂಟ್ ಗೋಡೆ. ಬುತ್ತಿ ಹೊತ್ತ ಹೆಂಗಸರು ಅದನ್ನು ಹತ್ತಿ ಇಳಿಯಬೇಕು. ಹಾಗೆ ಇಳಿಯುವಾಗಲೇ ನಮ್ಮ ಓಣಿಯ ಕಾಕುವಿಗೆ, ನನಗೆ ಚಿಕ್ಕಮ್ಮನಂತಿದ್ದವಳಿಗೆ, ಲಾರಿ ಹೊಡೆಯಿತು; ಅಲ್ಲೇ ಜೀವ ಹೋಯಿತು. ಅವ್ವನ ಪದಕ್ಕೆ ದನಿಗೂಡಿಸುತ್ತಿದ್ದವಳು ಅವಳೇ.

ರಸ್ತೆಯ ಅಡಿಯಲ್ಲಿ ದಾಟಲು ಒಂದು ದಾರಿ ಮಾಡಿಕೊಡಿ ಎಂದು ಊರವರು ಕೊಟ್ಟ ಅರ್ಜಿಗಳು ಎಲ್ಲಿ ಹೋದವೋ ದೇವರಿಗೇ ಗೊತ್ತು. ಅವ್ವ ಅದನ್ನೇ ಪದ ಕಟ್ಟಿದಳು. ಕಾಕು ಹೊತ್ತಿದ್ದ ಬುತ್ತಿ, ಡಾಂಬರಿನ ಮೇಲೆ ಚೆಲ್ಲಿದ ರೊಟ್ಟಿ, ಕೊನೆಯಲ್ಲಿ ದಾರಿಯ ಬೇಡಿಕೆ, ಎಲ್ಲ ಅದರಲ್ಲಿತ್ತು.

“ಅರ್ಜಿ ಓದದಿದ್ರ ಬಿಡ್ಲಿ, ಕಿವಿ ಅಂತೂ ಅದಾವಲ್ಲ,” ಎಂದಳು.

ರಸ್ತೆ ಕೆಲಸ ನೋಡಿಕೊಳ್ಳುವ ಹಾವೇರಿಯ ಕಚೇರಿಗೆ ಅವಳ ಜೊತೆ ನಾನೂ ಹೋದೆ. ಆಗ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಶೋಕವು ಕಾವ್ಯದಲ್ಲಿ ಕರುಣರಸವಾಗುತ್ತದೆ, ಕೇಳುವವರಿಗೆ ಅದರಿಂದ ಆನಂದವೇ ಆಗುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದೆ. ಅವತ್ತು ಅದನ್ನು ಕಣ್ಣಾರೆ ಕಂಡೆ. ಅವ್ವ ಹಾಡಿದಳು, ಅಲ್ಲಿನ ಸಾಹೇಬರು ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾದ ಕಣ್ಣೀರು. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

“ಏನು ಕಂಠ ತಾಯಿ ನಿಮ್ಮದು! ಚೆನ್ನಾಗಿ ಹಾಡಿದಿರಿ. ಇಂಥ ಕಲೆ ಉಳಿಯಬೇಕು,” ಎಂದರು. ಶಾಲು ತರಿಸಿ ಹೊದಿಸಿದರು. ದಾರಿಯ ಮಾತೆತ್ತಿದರೆ, ಅದು ಮೇಲಿನವರಿಗೆ ಬಿಟ್ಟದ್ದು ಎಂದು ಚಹಾ ಕುಡಿಸಿ ಕಳಿಸಿದರು.

ಅಲ್ಲಿಂದ ಅವ್ವನಿಗೆ ಕರೆ ಬಂದದ್ದೇ ಬಂದದ್ದು. ಬ್ಯಾಡಗಿಯಲ್ಲೊಂದು ಜಾನಪದ ಸಮಾರಂಭ, ರಾಣೆಬೆನ್ನೂರಿನಲ್ಲೊಂದು ವಿಚಾರಗೋಷ್ಠಿ. ಸಾಹೇಬರು ಎರಡಕ್ಕೂ ಬಂದು ಮುಂದೆ ಕೂತು ಕೇಳಿದರು. ಗೋಷ್ಠಿಯಲ್ಲಿ ವಿದ್ವಾಂಸರೊಬ್ಬರು ಆ ಪದದಲ್ಲಿ ದೊಡ್ಡ ತತ್ವಜ್ಞಾನ ಕಂಡರು. ರಸ್ತೆಯೆಂದರೆ ಸಂಸಾರವಂತೆ, ದಾಟುವುದೆಂದರೆ ಮುಕ್ತಿಯಂತೆ. ಅವ್ವ ನನ್ನ ಕಡೆ ತಿರುಗಿ, “ಇಂವಗ ಲಾರಿ ಕಾಣಲಿಲ್ಲೇನ?” ಎಂದಳು. ನನಗೆ ನಗಲೂ ಆಗಲಿಲ್ಲ.

ರಸ್ತೆ ಮುಗಿಯಿತು, ಅಡಿಯ ದಾರಿ ಬರಲಿಲ್ಲ. ಉದ್ಘಾಟನೆಗೆ ನಮ್ಮೂರ ಬದಿಯಲ್ಲೇ ಶಾಮಿಯಾನ ಹಾಕಿದರು. ಮಂತ್ರಿಗಳ ಸ್ವಾಗತಕ್ಕೆ ಅದೇ ಪದ ಹಾಡಬೇಕೆಂದು ಅವ್ವನಿಗೆ ಹೇಳಿಕಳಿಸಿದರು. ಸತ್ತವಳ ಹಾಡು ಸ್ವಾಗತಗೀತೆ! ಎಷ್ಟು ನಾಚಿಕೆ ಬಿಟ್ಟವರು ಇವರು ಎಂದು ನಾನು ಕೂಗಾಡಿದೆ, ಹೋಗಬೇಡವೆಂದು ಜಗಳವಾಡಿದೆ. ಅವ್ವ ಸೆರಗು ಸರಿಮಾಡಿಕೊಂಡು ಹೊರಟಳು. ವೇದಿಕೆಯ ಮೇಲೆ ಪದವನ್ನು ಪೂರ್ತಿ ಹಾಡಿದಳು. ಆಮೇಲೆ ಮೈಕು ಬಿಡದೆ, ಮಂತ್ರಿಗಳ ಪಕ್ಕ ಕೂತಿದ್ದ ಹಾವೇರಿಯ ಸಾಹೇಬರ ಕಡೆ ತಿರುಗಿದಳು.

“ಸಾಹೇಬ್ರ, ಈ ಪದ ಭಾಳ ಸಲ ಕೇಳೀರಿ. ಇದರಾಗ ನಾ ಏನ ಬೇಡೇನಿ, ಒಂದ ಸಲ ನೀವ ಹೇಳ್ರಿ ನೋಡೂಣು.”

ಸಾಹೇಬರು ಮಂತ್ರಿಗಳ ಮುಖ ನೋಡಿದರು. ಅಷ್ಟರಲ್ಲಿ ಮಂತ್ರಿಗಳು ಹೊಟ್ಟೆ ಕುಲುಕಿಸಿ ನಕ್ಕರು. “ಮುದುಕಿ ಭಾಳ ಚುರುಕ ಅದಾಳ್ರೀ!” ಎಂದರು. ಸಾಹೇಬರಿಗೂ ಜೀವ ಬಂತು, ಅವರೂ ನಕ್ಕರು. ಇದೂ ಹಾಡಿನ ಭಾಗವೇ ಇರಬೇಕೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಅವ್ವ ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದಳು. ನಿರೂಪಕ ಬಂದು ಅವಳ ಕೈಯಿಂದ ಮೈಕು ಬಿಡಿಸಿಕೊಂಡ. ಮುಂದಿನ ಸಾಲಿನಲ್ಲಿ ಕಾಕುವಿನ ಗಂಡ ಕೂತಿದ್ದ. ಅತ್ತಿತ್ತ ನೋಡಿ, ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು, ಅವನೂ ತಟ್ಟಿದ.