ಜೋಡಿಕಲ್ಲಿನ ಮೇಲೆ ವರ್ಲೀನಳ ಹೆಸರು

ವರ್ಲೀನ್ ಸ್ಟ್ಯಾಂಪರ್ ಇನ್ನೂ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಊರಿನವರು ಅವಳ ಹೆಸರನ್ನು ಗೋರಿಕಲ್ಲಿನ ಮೇಲೆ ಕೆತ್ತಿಸಿಬಿಟ್ಟರು. ಬದುಕಿರುವವರ ಹೆಸರು ಕೆತ್ತಿಸುವುದು ಕೆಂಟಕಿಯ ಆ ಬೆಟ್ಟಗಳಲ್ಲಿ ತಪ್ಪೇನಲ್ಲ. ಗಂಡ ಸತ್ತರೆ ಜೋಡಿಕಲ್ಲು ನಿಲ್ಲಿಸುತ್ತಾರೆ. ಎಡಕ್ಕೆ ಅವನ ಹೆಸರು, ಬಲಕ್ಕೆ ಹೆಂಡತಿಯದು. ಅವಳು ಸತ್ತ ತಾರೀಖಿನ ಜಾಗ ಮಾತ್ರ ಖಾಲಿ. ಹೆಂಗಸರು ವರ್ಷಕ್ಕೊಮ್ಮೆ ಹೋಗಿ ತಮ್ಮದೇ ಗೋರಿಯ ಕಳೆ ಕಿತ್ತು, ಹೂವಿಟ್ಟು ಬರುತ್ತಾರೆ.

ಆದರೆ ವರ್ಲೀನಳ ಹೆಸರನ್ನು ಕೆತ್ತಿದ್ದು, ಅವಳ ಜೊತೆ ಹಾಡುತ್ತಿದ್ದು ಈಗ ತೀರಿಕೊಂಡ ಡಾಯ್ಲ್ ಸ್ಪರ್ಲಾಕ್‌ನ ಹೆಸರಿನ ಪಕ್ಕದಲ್ಲಿ. ಡಾಯ್ಲ್ ಅವಳ ಗಂಡನಲ್ಲ. ಅವಳ ಗಂಡ ಹೋಬರ್ಟ್ ಅಲ್ಲೇ ಓಕ್ ಮರದ ಕೆಳಗೆ ಕೋಳಿಕಾಲು ಕಡಿಯುತ್ತ ಕೂತಿದ್ದ. ಡಾಯ್ಲ್‌ನ ಹೆಂಡತಿ ಓಲೀಟಾ ಮಡಚುಕುರ್ಚಿಯಲ್ಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಮೇ ತಿಂಗಳ ಭಾನುವಾರ, ಸ್ಮಶಾನಕ್ಕೆ ಹೂವಿಡುವ ದಿನ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿತ್ತು. ಊರಿನ ರೇಡಿಯೋದಲ್ಲಿ ಮಾತಾಡುವ ಕ್ಲೀಟಸ್ ಕಲ್ಲಿನ ಮೇಲಿನ ಬಟ್ಟೆ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ಹೃದಯಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಕೆಳಗೆ: ಡಾಯ್ಲ್, ವರ್ಲೀನ್, ಹಾಡಿನಲ್ಲಿ ಒಂದಾದವರು.

"ಒಂದಾದವರು!" ವರ್ಲೀನ್ ಕೂಗಿದಳು. "ಯಾವನೋ ಒಂದಾದವನು? ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!"

"ಎಲ್ಲರೂ ಪ್ರೀತಿಯಿಂದ ಸೇರಿ ಮಾಡ್ಸಿದ್ದು ಕಣಮ್ಮ," ಎಂದ ಕ್ಲೀಟಸ್, ನಗು ಮುಖದ ಮೇಲೇ ಸಿಕ್ಕಿಕೊಂಡಿತ್ತು.

ಈ ತಪ್ಪು ಅವತ್ತು ಹುಟ್ಟಿದ್ದಲ್ಲ. ವರ್ಲೀನ್ ಇಪ್ಪತ್ತರ ಹುಡುಗಿಯಾಗಿದ್ದಾಗ ಹುಟ್ಟಿದ್ದು. ಹಳೇ ಶಾಲೆಯ ಹಾಲ್‌ನಲ್ಲಿ ಶನಿವಾರ ಸಂಜೆ ಹಾಡು, ಕುಣಿತ. ಇದ್ದದ್ದು ಒಂದೇ ಮೈಕು. ಇಬ್ಬರು ಹಾಡಬೇಕಾದರೆ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಲ್ಲಬೇಕು, ಎದುರುಬದುರಾಗಿ. ಅವಳದು ಏರುದನಿ, ಗಣಿಯಲ್ಲಿ ಕಲ್ಲಿದ್ದಲು ಅಗೆಯುವ ಡಾಯ್ಲ್‌ನದು ಇಳಿದನಿ. ಅವನು ಹೋಗಬೇಡ ಅನ್ನುವುದು, ಇವಳು ಹೋಗಿಯೇ ತೀರುತ್ತೇನೆ ಅನ್ನುವುದು, ಕೊನೆಯ ಸಾಲಿನಲ್ಲಿ ಇಬ್ಬರೂ ಒಟ್ಟಿಗೆ ಬಾಗಿಲು ಹಾಕಿಕೊಂಡು ಒಳಗೇ ಉಳಿಯುವುದು. ಇಷ್ಟೇ ಕತೆ. ಹಾಡು ಬೇರೆ ಬೇರೆಯಾದರೂ ಕತೆ ಇದೇ.

ಅದಕ್ಕೇ ಜನ ಎರಡು ಬೆಟ್ಟ ದಾಟಿ ಬರುತ್ತಿದ್ದರು. ಮನೆಯಲ್ಲಿ "ಉಪ್ಪು ಕೊಡು" ಅನ್ನುವುದು ಬಿಟ್ಟು ಬೇರೆ ಮಾತಾಡದ ಗಂಡಹೆಂಡಿರು ಆ ಬೆಂಚುಗಳ ಮೇಲೆ ಕೂತು, ಯಾರಿಗೂ ಕಾಣದಂತೆ ಕಿರುಬೆರಳು ಹಿಡಿದುಕೊಳ್ಳುತ್ತಿದ್ದರು. ತಾವು ಹೇಳಲಾಗದ್ದನ್ನು ಇನ್ನಿಬ್ಬರು ಹೇಳಲಿ ಎಂದು ಕೇಳುತ್ತಿದ್ದರು. ಅದು ಸರಿ. ಆದರೆ ಹೇಳಿದವರನ್ನೇ ಹಾಸಿಗೆಗೆ ಸೇರಿಸಿದರಲ್ಲ, ಅದೇ ವರ್ಲೀನಳ ಹೊಟ್ಟೆ ಉರಿಸಿದ್ದು. ಅಂಗಡಿಗೆ ಹೋದರೆ ಕಣ್ಣು ಮಿಟುಕಿಸುವವರು. ಚರ್ಚಿನಲ್ಲಿ ಪಿಸುಗುಟ್ಟುವವರು. ಹೋಬರ್ಟ್‌ನ ಬೆನ್ನು ತಟ್ಟಿ "ನಿನ್ನದು ದೊಡ್ಡ ಮನಸ್ಸು ಕಣಯ್ಯ" ಅನ್ನುವವರು.

ನಿಜ ಹೇಳಬೇಕೆಂದರೆ ಅವರಿಬ್ಬರಿಗೂ ಎಣ್ಣೆ ಸೀಗೇಕಾಯಿ. ಡಾಯ್ಲ್ ಹಾಡುವ ಮುಂಚೆ ಹಸಿ ಈರುಳ್ಳಿ ತಿನ್ನುತ್ತಿದ್ದ, ಗಂಟಲಿಗೆ ಒಳ್ಳೆಯದಂತೆ. ವರ್ಲೀನ್ ಉಸಿರು ಬಿಗಿಹಿಡಿದು ಪ್ರೇಮ ತೋರಿಸಬೇಕಿತ್ತು. ಅದಕ್ಕಿಂತ ದೊಡ್ಡ ಜಗಳ ಮೂರನೇ ಚರಣದ್ದು, ಅಂದರೆ ಕೊನೆಯದ್ದು. ಅಲ್ಲಿಗೆ ಬಂದರೆ ಸಾಕು, ಡಾಯ್ಲ್ ಎಷ್ಟೋ ಸಲ ತನ್ನ ಸಾಲನ್ನು ತಡವಾಗಿ ಎತ್ತಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಬಾಯಿ ತೆರೆದು ಹಾಗೇ ನಿಂತುಬಿಡುತ್ತಿದ್ದ. ಅವನ ಕಣ್ಣು ಅವಳ ಭುಜದ ಮೇಲಿಂದ ಹಾದು, ಹಿಂದಿನ ಅಡುಗೆಕೋಣೆಯ ಕಿಟಕಿಯ ಕಡೆ ಇರುತ್ತಿತ್ತು. ಅಲ್ಲಿ ಕಾಫಿ, ಸೇಬಿನ ಕಡುಬು ಮಾರುತ್ತಿದ್ದರು.

"ಹೊಟ್ಟೆಬಾಕ! ನಿನ್ನ ಕಣ್ಣೆಲ್ಲ ಕಡುಬಿನ ಮೇಲೆ," ಎಂದು ಬೈಯುತ್ತಿದ್ದಳು ವೇದಿಕೆ ಇಳಿದು.

"ಹೂಂ ಮಹಾರಾಣಿ," ಅನ್ನುತ್ತಿದ್ದ ಅವನು. ಸಾಯುವವರೆಗೂ ಅದಕ್ಕೆ ಬೇರೆ ಉತ್ತರ ಕೊಡಲಿಲ್ಲ.

ಈಗ ಅಂಥವನ ಪಕ್ಕದಲ್ಲಿ, ಅವನ ಹೆಂಡತಿಯ ಕಣ್ಣೆದುರೇ, ತನ್ನ ಹೆಸರು.

"ಅಳಿಸ್ರೋ ಇದನ್ನ!"

"ಗ್ರಾನೈಟಮ್ಮ. ಕೆತ್ತಿದ್ಮೇಲೆ ಅಳ್ಸೋಕಾಗಲ್ಲ," ಎಂದ ಕ್ಲೀಟಸ್.

"ಲೇ ಇವಳೇ," ಎಂದು ಹೋಬರ್ಟ್ ಮರದಡಿಯಿಂದ ಕೂಗಿದ, "ಹಂಗಾದ್ರೆ ನನ್ನ ಎಲ್ಲಿ ಹೂಳ್ತಾರಂತೆ ಕೇಳು. ನಿಮ್ಮಿಬ್ಬರ ಕಾಲಡಿನಾ?"

ನಾಲ್ಕು ಜನ ನಕ್ಕರು. ಓಲೀಟಾ ನಗಲಿಲ್ಲ. ತಟ್ಟೆಯ ಮೇಲಿನ ಮೊಟ್ಟೆಯನ್ನು ಚಮಚದಿಂದ ಅತ್ತಿತ್ತ ಸರಿಸುತ್ತಿದ್ದಳು. ಅದನ್ನು ನೋಡಿ ವರ್ಲೀನಳ ಪಿತ್ತ ನೆತ್ತಿಗೇರಿತು. ತನ್ನ ಮಾನ ಹೋದರೆ ಹೋಗಲಿ, ತನಗೆ ಹೋಬರ್ಟ್ ಇದ್ದಾನೆ. ಈ ಹೆಂಗಸು ಆ ಈರುಳ್ಳಿಯ ಬಾಯಿಗೆ ಜೀವಮಾನವೆಲ್ಲ ಅಡುಗೆ ಮಾಡಿ ಹಾಕಿ, ಕೆಮ್ಮುವ ಎದೆಗೆ ಔಷಧಿ ತಿಕ್ಕಿ, ಕೊನೆಗೆ ಮಲಗಲು ಅವನ ಪಕ್ಕದಲ್ಲಿ ಆರಡಿ ಜಾಗವೂ ಇಲ್ಲವೇ? ವರ್ಲೀನ್ ಕಲ್ಲನ್ನು ಸುತ್ತಿಹೋಗಿ ಹಿಂಬದಿ ಸವರಿದಳು. ನುಣ್ಣಗಿತ್ತು, ಒಂದಕ್ಷರವೂ ಇಲ್ಲ.

"ಕಲ್ಲು ತಿರುಗ್ಸಿ," ಎಂದಳು. "ನಿಮ್ಮ ಹೃದಯಗಳು ಮುಳ್ಳುಬೇಲಿ ಕಡೆ ಮುಖ ಮಾಡ್ಕೊಂಡಿರಲಿ. ಈ ಕಡೆ ಡಾಯ್ಲ್, ಓಲೀಟಾ ಅಂತ ಕೆತ್ಸಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಓಲೀಟಾಳನ್ನು ನೋಡಿದರು. ಅವಳು ತಲೆಯೆತ್ತದೆ ಹೇಳಿದಳು: "ಬಿಡ್ರಪ್ಪ. ಸರಿಯಾಗೇ ಕೆತ್ತಿದಾರೆ."

"ಏನಂದೆ?"

"ನೀವಿಬ್ಬರೂ ಏನೂ ಮಾಡ್ಲಿಲ್ಲ ಅಂತ ನಂಗೊತ್ತು ಕಣೇ. ಮಾಡಿದ್ರೆ ಬಂದು ನಿನ್ನ ಜುಟ್ಟು ಹಿಡೀತಿದ್ದೆ, ಸಮಾಧಾನ ಆಗೋದು. ಅವನು ಮನೇಲಿ ಒಂದಿನ ನಂಗೆ 'ಹೋಗಬೇಡ' ಅಂದವನಲ್ಲ. ಅಮ್ಮನ ಮನೆಗೆ ಹೊರಟರೆ 'ಬಾಗಿಲು ಎಳ್ಕೊಂಡು ಹೋಗು' ಅಂತಿದ್ದ. ಆ ಮಾತೆಲ್ಲ ನಿಂಗೆ ಸಿಕ್ತು, ನಂಗೆ ಅವನ ಕೊಳೆ ಅಂಗಿ ಸಿಕ್ತು. ಅಡುಗೆಕೋಣೆ ಕಿಟಕೀಲಿ ನಿಂತು ಕಡುಬು ಕುಯ್ಯುತ್ತಾ ಕೇಳ್ಕೊಂಡೆ, ಅಷ್ಟೇ."

ವರ್ಲೀನ್ ಕಲ್ಲಿನ ಹಿಂದಿನಿಂದ ಈಚೆ ಬಂದಳು.

"ಕಿಟಕೀಲಿ ನಿಂತಿದ್ದೋಳು ನೀನಾ? ಪ್ರತಿ ಶನಿವಾರ?"

"ಮತ್ಯಾರು, ನಿಮ್ಮಜ್ಜಿನಾ?"

"ಹಾಡಿನ ನಡುವೆ ಕಿಟಕಿ ಬಿಟ್ಟು ಒಳಗೆ ಹೋಗ್ತಿದ್ಯಾ, ಕಾಫಿ ತುಂಬ್ಕೊಂಡು ಬರೋಕೆ?"

"ಹೂಂ. ಹಾಡು ಮುಗೀತಿದ್ದಂಗೆ ಜನ ಮುತ್ಕೋತಾರಲ್ಲ, ಅದಕ್ಕೆ ಕೊನೇ ಚರಣ ಬರ್ತಿದ್ದಂಗೆ ಹೋಗ್ತಿದ್ದೆ."

ಮೂರನೇ ಚರಣ. ಕಿಟಕಿ ಖಾಲಿಯಾದಾಗೆಲ್ಲ ಬಾಯಿ ತೆರೆದು, ಮುಂದಿನ ಸಾಲು ಮರೆತು ನಿಲ್ಲುತ್ತಿದ್ದ ಆ ದಡ್ಡ. ಓಲೀಟಾ ಕೆಟಲು ಹಿಡಿದು ಮತ್ತೆ ಕಿಟಕಿಗೆ ಬಂದ ಮೇಲೆ 'ಹೋಗಬೇಡ' ಎಂದು ಎತ್ತಿಕೊಳ್ಳುತ್ತಿದ್ದ. ವರ್ಲೀನ್ ಇಷ್ಟು ವರ್ಷ ಬೈದದ್ದೆಲ್ಲ ಕಡುಬಿಗೆ!

ಅವಳು ಒಂದೊಂದಾಗಿ ಹೇಳಿದಳು. ತಡವಾದದ್ದು, ಕಣ್ಣು ಎಲ್ಲಿತ್ತೆಂಬುದು, ತಾನು ಬೈದದ್ದು, ಅವನು ಹೂಂ ಮಹಾರಾಣಿ ಎಂದದ್ದು. ಓಲೀಟಾಳ ಕೈಯಲ್ಲಿ ಚಮಚ ನಿಂತುಹೋಯಿತು. ಬುತ್ತಿ ಬಿಚ್ಚುತ್ತಿದ್ದ ಹೆಂಗಸರೂ ಹತ್ತಿರ ಬಂದರು. ವರ್ಲೀನಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅಂಗೈಯಿಂದ ಕಲ್ಲಿಗೆ ಫಟಾರನೆ ಬಾರಿಸಿದಳು.

"ಲೋ ಡಾಯ್ಲ್! ಮೂದೇವಿ! ಮೈಕಿನ ಮುಂದೆ ಇಡೀ ಊರಿಗೆ ಕೇಳೋ ಹಂಗೆ ಹೇಳ್ತಿದ್ಯಲ್ಲೋ, ಮನೇಲಿ ಅವಳ ಮುಂದೆ ಬಾಯಿಬಿಡೋಕೆ ಏನಾಗಿತ್ತೋ ನಿಂಗೆ ದೊಡ್ಡ ರೋಗ? ನನ್ನ ಮೂಗಿಗೆ ಈರುಳ್ಳಿ, ಅವಳ ಮುಂದೆ ಬಾಯಿಗೆ ಬೀಗ! ಹೇಡಿ! ಕತ್ತೆ!"

ಕ್ಲೀಟಸ್ ಮೆಲ್ಲಗೆ ಹತ್ತಿರ ಬಂದ. "ಸತ್ತೋರನ್ನ ಹಂಗೆಲ್ಲ ಬೈಬಾರದಮ್ಮ..."

"ನೀನು ಬಾಯ್ಮುಚ್ಚು," ಎಂದಳು ಓಲೀಟಾ. ತಟ್ಟೆಯನ್ನು ಹುಲ್ಲಿನ ಮೇಲಿಟ್ಟು, ಮಂಡಿ ಹಿಡಿದು ಎದ್ದು ಬಂದು ಕಲ್ಲಿನ ಮುಂದೆ ನಿಂತಳು. ಸೆರಗಿಲ್ಲದ ಆ ನಾಡಿನ ಹೆಂಗಸು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಹೋಬರ್ಟ್, ನಾಲ್ಕು ಜನಾನ ಕರ್ಕೊಂಡು ಬಾ. ಕಲ್ಲು ತಿರುಗ್ಸು," ಎಂದಳು. ಆಮೇಲೆ ವರ್ಲೀನಳ ಕಡೆ ತಿರುಗಿದಳು.

"ನಿಲ್ಲಿಸ್ಬೇಡ ಕಣೇ. ಇನ್ನೊಂದು ಸ್ವಲ್ಪ ಬೈ."