ಹುರುಳಿ ಹುಡಿಯ ಗುಡ್ಡ

ನಮ್ಮೂರು ಹಟ್ಟಿಯಂಗಡಿಯಲ್ಲಿ ರಮಿತಕ್ಕನನ್ನು ಯಾರೂ ವಿಜ್ಞಾನಿ ಅನ್ನುವುದಿಲ್ಲ, 'ಹುರುಳಿ ರಮಿತ' ಅನ್ನುತ್ತಾರೆ. ಅವಳ ತಂಗಿಯಾಗಿ ಹುಟ್ಟಿದ ಕರ್ಮಕ್ಕೆ ನನಗೂ ಆ ಹುರುಳಿ ಪುರಾಣ ಬಾಯಿಪಾಠ. ಕಾಳಿನೊಳಗಿನ ಪ್ರೋಟೀನ್ ನೂಲುಂಡೆಯ ಹಾಗೆ ಸುತ್ತಿಕೊಂಡಿರುತ್ತದಂತೆ. ಅದನ್ನು ನೀರಲ್ಲಿ ಕರಗಿಸಿ ಎಕ್ಸ್‌-ರೇ ಹಾಯಿಸಿದರೆ ಕಿರಣ ಚದುರುತ್ತದೆ. ಚದುರಿದ್ದನ್ನು ಲೆಕ್ಕ ಹಾಕಿ ಗೆರೆ ಎಳೆದಾಗ ಗುಡ್ಡದ ಹಾಗೆ ಏರಿ ಇಳಿದರೆ ಉಂಡೆ ಗಟ್ಟಿಯಿದೆ ಎಂದರ್ಥ. ಏರಿದ್ದು ಇಳಿಯದಿದ್ದರೆ ಉಂಡೆ ಶಾಖಕ್ಕೋ ಇನ್ನೇನಕ್ಕೋ ಬಿಚ್ಚಿಹೋಗಿದೆ.

ಹಾಗೆ ಎಕ್ಸ್‌-ರೇ ಹಾಯಿಸುವ ದೊಡ್ಡ ಯಂತ್ರ ಇರುವುದು ಇಂದೋರಿನಲ್ಲಿ. ಅಲ್ಲಿ ಒಂದು ದಿನದ ಸರದಿಗೆ ಅಕ್ಕ ವರ್ಷವಿಡೀ ಕಾದಿದ್ದಳು. ಗುಡ್ಡ ಬಾರದೆ ಅವಳ ಪಿಎಚ್‌ಡಿ ಮುಗಿಯುವ ಹಾಗಿಲ್ಲ. ನಮ್ಮ ಗದ್ದೆಯ ಹುರುಳಿಯೇ ಬೇಕೆಂದು ಹಟ, ಬೀಸಿಕೊಳ್ಳಲು ಮಾತ್ರ ಸೋಮಾರಿತನ. ಹಾಸ್ಟೆಲಿನಿಂದ ಅಮ್ಮನಿಗೆ ಫೋನ್ ಮಾಡಿ, "ಹುಡಿ ಮಾಡ್ಸಿ ಕಳ್ಸ್. ಮಿಷಿನಿಗೆ ಹಾಕೂಕಿತ್ತ್" ಎಂದಳು.

ಹುಡಿ ಹೋಯಿತು, ಸರದಿಯೂ ಬಂತು. ಗೆರೆ ಏರಿದ್ದು ಏರಿದ್ದೇ, ಇಳಿಯಲಿಲ್ಲ. ಅಕ್ಕ ಅಲ್ಲಿಂದಲೇ ಫೋನ್ ಮಾಡಿದಳು. ಅಮ್ಮನ ಕೈಯಲ್ಲಿ ಸೌಟಿತ್ತು, ಫೋನ್ ಹಿಡಿದವಳು ನಾನು.

"ಅಮ್ಮಾ, ಹುರುಳಿಗೆ ಎಂತ ಮಾಡಿದ್ಯೆ?"

"ಎಂತದೂ ಮಾಡ್ಲಿಲ್ಲೆ."

"ಬೇಯ್ಸಿದ್ಯಾ?"

ಅಮ್ಮ ಸೌಟು ಕೆಳಗಿಟ್ಟಳು. "ಅದ್ ಆ ಮಿಷಿನಿಗೆ ಹ್ಯಾಂಗ್ ಗೊತ್ತಾಯ್ತ್?"

ನನಗೆ ನಗು ತಡೆಯಲಾಗಲಿಲ್ಲ. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಹಂಡೆಯಲ್ಲೇ ಹುರುಳಿಯನ್ನೂ ಕುದಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಮಿಲ್ಲಿಗೆ ಕೊಟ್ಟಿದ್ದಳು ಪುಣ್ಯಾತ್ಗಿತ್ತಿ. ಅಕ್ಕ ಕೂಗಾಡಿದಳು. ವರ್ಷದ ಕೆಲಸ ನೀರುಪಾಲಾದರೆ ಸಿಟ್ಟು ಬಾರದೆ ಇದ್ದೀತೇ?

"ಮಿಷಿನಿಗೆ ಅಂತ ನೀನ್ ಸುಳ್ಳ್ ಹೇಳ್ದೆ ಅಂದ್ಕಂಡೆ ಮಗಾ," ಎಂದಳು ಅಮ್ಮ. "ಅಲ್ಲ್ ತಿಂಬುಕೆ ಸಮಾ ಇಲ್ಲೆ, ಕೇಂಬುಕೆ ನಾಚ್ಕಿ ಆಯ್ತೇನೋ ಅಂದೇಳಿ. ಹಸಿ ಹುಡಿ ತಿಂದ್ರೆ ಹೊಟ್ಟಿ ನೋವ್ ಬತ್ತಲ್ದಾ?"

ಆ ಕಡೆ ಅಕ್ಕ ಮೂಗು ಎಳೆದುಕೊಂಡದ್ದು ಕೇಳಿಸಿತು. ನಗುತ್ತಿದ್ದ ನಾನು ಫೋನನ್ನು ಅಮ್ಮನ ಕಿವಿಗೆ ಹತ್ತಿರ ಹಿಡಿದೆ.

ಇನ್ನೊಂದು ಸರದಿ ಸಿಗಲು ಮತ್ತೊಂದು ಮಳೆಗಾಲ ಕಳೆಯಬೇಕಾಯಿತು. ಈ ಸಲ ಅಮ್ಮ ಎರಡು ಕಟ್ಟು ಕಳಿಸಿದಳು. ಒಂದರಲ್ಲಿ ಹಸಿ ಹುರುಳಿ, ಮೇಲೆ 'ಮಿಷಿನಿಗೆ' ಎಂದು ಬರೆದಿದ್ದಳು. ಇನ್ನೊಂದರಲ್ಲಿ ಬೇಯಿಸಿ ಬೀಸಿದ ಹುಡಿ, ಅದರ ಮೇಲೆ 'ನಿಂಗೆ'.

ಗುಡ್ಡ ಬಂತು. ಅಕ್ಕ ಅದರ ಫೋಟೊ ಕಳಿಸಿದಳು. ನಾನು ಅಮ್ಮನಿಗೆ ತೋರಿಸಿ, ಏರಿದ್ದು ಇಲ್ಲಿ, ಇಳಿದದ್ದು ಇಲ್ಲಿ ಎಂದು ವಿವರಿಸಿದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಲಾಯ್ಕಿತ್ತ್. ಆ ಇನ್ನೊಂದ್ ಕಟ್ಟ್ ಖಾಲಿ ಆಯ್ತಾ ಕೇಣ್."